ಐದನೆಯ ಮುದ್ರೆ

ವೈಶಾಖದ ಅರವತ್ತೆರಡನೆಯ ದಿನ, ಗುರುವಾರ ಮಧ್ಯಾಹ್ನ
ಎರಡು ಸಾವಿರದ ನೂರ ನಲವತ್ತೇಳನೆಯ ಇಸವಿ
ಹೊಸದಂಡೆ, ಕೃಷ್ಣೆಯ ಹಿನ್ನೀರು

ತಾಯಿ ಮಹಾನಂದಾ,

ಮೇಲಿನ ತಾರೀಖು ನೋಡಿ ಇವಳಿಗೆ ಎಣಿಸಲಿಕ್ಕೂ ಬರುವುದಿಲ್ಲ ಅಂದುಕೊಳ್ಳಬೇಡ. ನಮ್ಮಲ್ಲಿ ಮಳೆ ಬೀಳುವ ತನಕ ವೈಶಾಖ ಮುಗಿಯುವುದಿಲ್ಲ. ಹೋದ ವರ್ಷ ತೊಂಬತ್ತು ದಿನ ನಡೆಯಿತು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನಿನಗೆ ಗೊತ್ತಿಲ್ಲದ ಶಬ್ದಗಳು ಇದರಲ್ಲಿ ಬರುತ್ತವೆ, ನಿನ್ನ ಕಾಲದ ಶಬ್ದಗಳನ್ನು ನಾನು ಅಡ್ಡಾದಿಡ್ಡಿ ಬಳಸಿಯೇನು. ಅದಕ್ಕೆ ಒಂದೇ ಸಲ ಕ್ಷಮೆ ಕೇಳುತ್ತೇನೆ. ಮತ್ತೆ ಮತ್ತೆ ಕೇಳುವಷ್ಟು ಪುರುಸೊತ್ತು ಇಲ್ಲ.

ನನ್ನ ಹೆಸರು ಶಂಕ್ರೆವ್ವ. ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಈ ಕಾಗದ ಹೊರಟಿರುವುದು ನಲವತ್ತೆಂಟರ ಮಹಾನಂದಾಳಿಗೆ, ನನಗೆ ಈಗ ಅರವತ್ತೆಂಟು. ಅಜ್ಜಿ ಎಂದರೆ ನನಗೇ ನಗು ಬರುತ್ತದೆ, ಮಗಳೇ ಎಂದರೆ ನೀನು ಬಯ್ದೀಯ. ನಮ್ಮ ಕಡೆ ಹೆತ್ತವಳನ್ನೂ ತಾಯಿ ಅನ್ನುತ್ತಾರೆ, ಹಡೆದ ಕೂಸನ್ನೂ ತಾಯಿ ಅನ್ನುತ್ತಾರೆ. ಅದೇ ಇರಲಿ. ಇದನ್ನು ಹಿಂದಂಚೆಗೆ ಹಾಕುತ್ತೇನೆ. ಮನೆಗೆ ದೊಡ್ಡ ಕಷ್ಟ ಬಂದಾಗ ಇಲ್ಲಿಯ ಹೆಂಗಸರು ಹಿರಿಯರಿಗೆ ಕಾಗದ ಬರೆದು, ಮೇಣದ ಬಟ್ಟೆಯಲ್ಲಿ ಸುತ್ತಿ, ಕಲ್ಲು ಕಟ್ಟಿ, ಆ ಹಿರಿಯರ ಊರು ಮುಳುಗಿರುವ ಜಾಗದಲ್ಲಿ ನೀರಿಗೆ ಬಿಡುತ್ತಾರೆ. ಅದೇ ಹಿಂದಂಚೆ. ನಿನ್ನ ಊರು, ನಿನ್ನ ಡಾಕ್ಟರರ ದವಾಖಾನೆ ಎರಡೂ ಈ ನೀರಿನ ತಳದಲ್ಲಿವೆ. ಕಾಗದ ತಲುಪುತ್ತದೆ ಎಂದು ನಾನು ಎಂದೂ ನಂಬಿದವಳಲ್ಲ. ಇವತ್ತು ನಂಬದೆ ಕೂಡಲಾಗುತ್ತಿಲ್ಲ. ಪಕ್ಕದ ಮನೆಯ ಬಾಳಕ್ಕ ಇಣುಕಿ ನೋಡಿ, “ಆಕಿ ಏನರ ಬ್ಯಾರೆ ಮಾಡಿದ್ಲಂದ್ರ ನೀ ಹುಟ್ಟೂದ ಇಲ್ಲ, ನೋಡ್ಕೊ” ಎಂದಳು. “ಆಕಿ ಮಗಳು ಆಗಲೇ ಕಾಲೇಜಿಗೆ ಹೊಂಟಾಳ. ನಿನ್ನ ಶಾಣ್ಯಾತನ ನಿನ್ನ ಮನ್ಯಾಗಿಟ್ಕೊ” ಎಂದು ಕಳಿಸಿದೆ.

ನಾನು ಹೆದರಿದ್ದೇನೆ, ತಾಯಿ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಹೊಸದಂಡೆಯಲ್ಲಿ ಜನ ನನ್ನ ಬಾಯಿಗೆ ಹೆದರುತ್ತಾರೆ, ನಾನು ಯಾರಿಗೂ ಹೆದರಿದ್ದಿಲ್ಲ.

ನನ್ನ ಮಗಳು ಶಿವಲೀಲಾಳಿಗೆ ನಲವತ್ತೇಳು. ನೆರಳಗಿರಣಿಯಲ್ಲಿ ಆಳುಗಳ ಮೇಲಿನ ಮುಕಾದಮಳು. ನಮ್ಮ ಬೀದಿಗಳ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ದಪ್ಪ ಬಟ್ಟೆ ಎಳೆದು ಕಟ್ಟಿರುತ್ತಾರೆ. ಅದಿಲ್ಲದಿದ್ದರೆ ಬೆಳಿಗ್ಗೆ ಒಂಬತ್ತರ ಮೇಲೆ ಯಾರಿಗೂ ಹೊರಗೆ ಕಾಲಿಡಲಾಗದು. ಆ ಬಟ್ಟೆ ನೇಯುವ ಗಿರಣಿ ಅದು. ಹೋದ ದೀಪಾವಳಿಯಿಂದ ಅವಳ ಮುಟ್ಟು ನಿಲ್ಲುತ್ತಿಲ್ಲ. ಇಪ್ಪತ್ತು ದಿನ ಹೋಗುತ್ತದೆ, ನಾಲ್ಕು ದಿನ ಬಿಡುವು, ಮತ್ತೆ ಶುರು. ಎದೆಯಿಂದ ಕಾವೆದ್ದು ಕಿವಿಯ ತನಕ ಏರುತ್ತದೆ. ಇಪ್ಪತ್ತು ವರ್ಷ ಜೊತೆಗೆ ದುಡಿದವರ ಹೆಸರು ಮರೆತು ಮಗ್ಗದ ಮುಂದೆ ಸುಮ್ಮನೆ ನಿಲ್ಲುತ್ತಾಳಂತೆ. ಮೂರು ತಿಂಗಳಲ್ಲಿ ಅವಳ ಕುಪ್ಪಸದ ತೋಳುಗಳನ್ನು ನಾನು ಎರಡು ಸಲ ಹಿಡಿದು ಹೊಲಿದೆ.

ನಿನ್ನ ಕಾಲದಲ್ಲಿ ಬೇಕಾದ ದವಾಖಾನೆಗೆ ಹೋಗಬಹುದಿತ್ತು ಎಂದು ಕೇಳಿದ್ದೇನೆ. ನಮ್ಮಲ್ಲಿ ಕೇರಿಗೊಬ್ಬ ವೈದ್ಯ. ಅವನ ತಂದೆ ನಮ್ಮ ತಂದೆಯರನ್ನು ನೋಡಿರುತ್ತಾನೆ, ಅವನ ಮಗ ನಮ್ಮ ಮೊಮ್ಮಕ್ಕಳನ್ನು ನೋಡುತ್ತಾನೆ. ದೊಡ್ಡ ಆಸ್ಪತ್ರೆ ಹಿನ್ನೀರಿನ ಆಚೆ ದಂಡೆಯಲ್ಲಿದೆ. ಕೇರಿವೈದ್ಯ ದಾಟುಚೀಟಿ ಬರೆದುಕೊಟ್ಟರೆ ಮಾತ್ರ ದೋಣಿಯವನು ಹತ್ತಿಸಿಕೊಳ್ಳುತ್ತಾನೆ. ಚೀಟಿ ಬರೆಯುವ ಮುಂಚೆ ವೈದ್ಯ ಒಡಲಪಟ್ಟಿ ತೆಗೆದು ನೋಡುತ್ತಾನೆ. ತಾಯಿಯಿಂದ ಮಗಳಿಗೆ ಬರುವ ಪುಸ್ತಕ ಅದು. ಮನೆತನದ ಒಬ್ಬೊಬ್ಬ ಹೆಂಗಸಿಗೆ ಏನಾಗಿತ್ತು, ವೈದ್ಯ ಏನೆಂದ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಒಪ್ಪಿದ್ದೇನೆ ಎಂದು ಅವಳು ಹಸಿರು ಮಸಿಯಲ್ಲಿ ಹೆಬ್ಬೆಟ್ಟಿನ ಮುದ್ರೆ ಒತ್ತಬೇಕು. ಹಳೆಯ ಕಾಲದವರದ್ದಾದರೆ ದವಾಖಾನೆಯ ಚೀಟಿಯನ್ನೇ ಅಂಟಿಸಿ, ಅದನ್ನೇ ಮುದ್ರೆ ಎಂದು ಹಿಡಿಯುತ್ತಾರೆ. ಐದು ತಲೆಮಾರು ಒಂದೇ ಮಾತು ಇದ್ದರೆ ಅದು ರೋಗವಲ್ಲ, ಮನೆತನದ ರೂಢಿ. ರೂಢಿಗೆ ದಾಟುಚೀಟಿ ಇಲ್ಲ. ಇದು ನಮ್ಮ ಕಾಯಿದೆ.

ಹೋದ ಗುರುವಾರ ನಾನೂ ಶಿವಲೀಲಾಳೂ ವೈದ್ಯ ಪ್ರಭುಲಿಂಗನ ಕಟ್ಟೆಗೆ ಹೋದೆವು. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನಿಂಬೆ ಪಾನಕ ಕೊಟ್ಟ, ಗಿರಣಿಯ ಸುದ್ದಿ ಕೇಳಿದ. ಇವಳು ತಲೆ ತಗ್ಗಿಸಿ ಎರಡು ಮಾತು ಹೇಳುವಷ್ಟರಲ್ಲಿ ನಕ್ಕ.

“ಈ ಬ್ಯಾಸಗ್ಯಾಗ ಕಾವು ಯಾರಿಗಿಲ್ಲ ಹೇಳ್ರಿ ಅಕ್ಕಾರ? ನನಗೂ ಐತಿ, ನನ್ನ ಎಮ್ಮಿಗೂ ಐತಿ.”

“ನಿನ್ನ ಎಮ್ಮಿಗೆ ದೀಪಾವಳಿಯಿಂದ ರಕ್ತಾ ಹೊಂಟೈತೇನೋ ತಮ್ಮಾ?” ಎಂದೆ.

ಅವನ ಮುಖ ಕೆಂಪಾಯಿತು. ಕಟ್ಟೆಯ ಮೇಲೆ ಇನ್ನೂ ನಾಲ್ಕು ಜನ ಕುಳಿತಿದ್ದರು. ಒಳಗಿನಿಂದ ನಮ್ಮ ಒಡಲಪಟ್ಟಿ ತಂದು ಮೊದಲ ಹಾಳೆಯಿಂದ ಓದಿದ. ಮೊದಲ ಹಾಳೆ ನಿನ್ನದು, ಮಹಾನಂದಾ. ಹಳದಿಗಟ್ಟಿದ ಒಂದು ಚೀಟಿ. ಎರಡು ಸಾವಿರದ ಇಪ್ಪತ್ತಾರು, ಮೇ ಹದಿನಾಲ್ಕು. “ವಯಸ್ಸಿನದು. ಟೆನ್ಷನ್. ನಿದ್ದೆಗೆ ಗುಳಿಗೆ.” ಅಷ್ಟೇ. ಆಮೇಲೆ ನಿನ್ನ ಮಗಳು: “ತಾಯಿಯಂತೆಯೇ.” ನನ್ನ ಅಜ್ಜಿ: “ತಾಯಿಯಂತೆಯೇ.” ನನ್ನ ಅವ್ವ: “ಮನೆತನದ್ದು.” ಐದನೆಯ ಹಾಳೆ ಬಂದಾಗ ಅವನು ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಇಟ್ಟ.

“ಇದು ಯಾರ ಮುದ್ರಿ, ದೊಡ್ಡವ್ವಾ? ಐದು ತಲಿ ಆತು. ನಾ ಏನ್ ಮಾಡ್ಲಿ? ನಿನಗೂ ಹಿಂಗ ಆಗಿತ್ತು, ನೋಡು, ಕಲ್ಲುಗುಂಡಿನಂಗ ಕುಂತಿ. ಅಕ್ಕಾರಿಗೂ ತಾನ ನಿಲ್ಲತೈತಿ.”

ಶಿವಲೀಲಾ ನನ್ನ ಮುಖ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬರೀ ನೋಡಿದಳು.

ಆ ಮುದ್ರೆ ನನ್ನದೇ. ನಲವತ್ತೊಂಬತ್ತಕ್ಕೆ ನನಗೂ ಎಂಟು ತಿಂಗಳು ಹೀಗೆಯೇ ಹೋಗಿತ್ತು. ಪ್ರಭುಲಿಂಗನ ತಂದೆ ಇದೇ ಕಟ್ಟೆಯ ಮೇಲೆ ಕುಳಿತು, ನನ್ನ ಮಾತು ಅರ್ಧಕ್ಕೆ ತಡೆದು, “ನಿಮ್ಮ ಮಂದಿದು ಹಿಂಗ ಇರತೈತವಾ, ಒತ್ತು” ಎಂದು ಮಸಿಬಟ್ಟಲು ಮುಂದಿಟ್ಟ. ನನ್ನ ಅವ್ವ ಹೇಗೆ ಹೋದಳು ಎಂಬುದು ನನಗೆ ಗೊತ್ತಿತ್ತು. ಅವಳ ಬಟ್ಟೆ ಒಗೆದವಳು ನಾನೇ. ಕೊನೆಕೊನೆಗೆ ನೀರು ಐದು ಸಲ ಬದಲಿಸಿದರೂ ಬಣ್ಣ ಬಿಡುತ್ತಲೇ ಇತ್ತು. ಅದನ್ನು ಹೇಳಬೇಕಿತ್ತು. ಆದರೆ ಕಟ್ಟೆಯ ತುಂಬ ಗಂಡಸರಿದ್ದರು, ನಾನು ಒಲೆಯ ಮೇಲೆ ರೊಟ್ಟಿಗೆ ಎಸರಿಟ್ಟು ಬಂದಿದ್ದೆ, ಇವನ ಹತ್ತಿರ ಏನು ತಲೆ ಬಡಿದುಕೊಳ್ಳುವುದು ಎಂಬ ಸಿಟ್ಟೂ ಇತ್ತು. ಒತ್ತಿ ಎದ್ದು ಬಂದೆ. ಎರಡು ತಿಂಗಳಿಗೆ ಅದು ತಾನಾಗಿ ನಿಂತಿತು. ನಿಂತದ್ದೇ ನನಗೆ ಸೊಕ್ಕಾಯಿತು. ಈ ದೀಪಾವಳಿಯಿಂದ ಶಿವಲೀಲಾ ಬಾಯಿ ತೆರೆದಾಗಲೆಲ್ಲ, “ನನಗೂ ಆಗಿತ್ತು, ದೊಡ್ಡದು ಮಾಡಬ್ಯಾಡ” ಎಂದವಳು ನಾನು. ವೈದ್ಯನ ಕಟ್ಟೆಗೆ ಬರುವ ಮೊದಲೇ ಅವಳನ್ನು ಏಳು ತಿಂಗಳು ನಾನೇ ವಾಪಸ್ಸು ಕಳಿಸಿದ್ದೆ.

ಆ ನೋಟ ತಡೆಯಲಾರದೆ ಮರುದಿನ ಕೊನೆಕಚೇರಿಗೆ ಹೋದೆ. ಸತ್ತವರ ಲೆಕ್ಕ ಇಡುವ ಜಾಗ ಅದು, ಊರಿನ ಇನ್ನೊಂದು ತುದಿಯಲ್ಲಿದೆ. ಹುಟ್ಟು, ಬೇನೆ ಎಲ್ಲ ವೈದ್ಯನ ಪುಸ್ತಕದಲ್ಲಿ, ಸಾವು ಮಾತ್ರ ಅಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಿಲ್ಲ, ನೋಡಬೇಕೆಂದು ಯಾರಿಗೂ ಅನ್ನಿಸಿಲ್ಲ. ಅಲ್ಲಿಯ ಗುಮಾಸ್ತೆ ಹುಡುಗಿ ಒಂದೊಂದೇ ಹೆಸರು ಓದಿದಳು. ಹಿಂದಂಚೆಗೆ ಒಂದು ಕಟ್ಟಳೆ ಇದೆ, ಹಿರಿಯರಿಗೆ ಅವರ ಸಾವಿನ ಸುದ್ದಿ ಬರೆಯಬಾರದು. ನಾನು ಬರೆಯುತ್ತೇನೆ. ನಿನಗೆ ಐವತ್ತೊಂದು. ನಿನ್ನ ಮಗಳಿಗೆ ಐವತ್ತಮೂರು. ನಾನು ಕಣ್ಣಿಂದ ಕಾಣದ ನನ್ನ ಅಜ್ಜಿಗೆ ಐವತ್ತು. ಅವ್ವನಿಗೆ ಐವತ್ತೈದು. ಸಾವಿನ ಕಾರಣ ಬರೆಯುವ ಅಂಕಣದಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಶಬ್ದ: ನಿಶ್ಶಕ್ತಿ, ಕಾವು, ಕಾವು, ಕಾವು. ನಾಲ್ಕೂ ಜನರ ಒಡಲಪಟ್ಟಿಯಲ್ಲಿ ಇರುವುದು ಒಂದೇ ಮಾತು. ಅದನ್ನು ದಾಟಿ ಬದುಕಿದವಳು ನಾನೊಬ್ಬಳು. ನಾನು ಬದುಕಿದ್ದನ್ನೇ ತೋರಿಸಿ ಪ್ರಭುಲಿಂಗ ನನ್ನ ಮಗಳನ್ನು ಮನೆಗೆ ಕಳಿಸಿದ್ದ.

ಒತ್ತಿದ ಮುದ್ರೆಯನ್ನು ಒತ್ತಿದವಳೇ ಬಂದು ಹಿಂತೆಗೆಯಬಹುದು. ಆದರೆ ಕಟ್ಟೆಯ ಮೇಲೆ ನಿಂತು, ಕೇರಿಯವರ ಎದುರಿಗೆ, ತಾನು ಏನು ಮುಚ್ಚಿಟ್ಟೆ ಎಂದು ಮೂರು ಸಲ ಕೂಗಿ ಹೇಳಬೇಕು. ಹಾಗೆ ಹೇಳಿದವಳನ್ನು ಆಮೇಲೆ ಯಾವ ಕೇರಿವೈದ್ಯನೂ ಮುಟ್ಟುವುದಿಲ್ಲ, ಸುಳ್ಳು ಹೇಳಿದ ಒಡಲು ಅನ್ನುತ್ತಾರೆ. ನನಗೆ ಎದೆಯಲ್ಲಿ ಉಬ್ಬಸವಿದೆ, ತಿಂಗಳಿಗೊಮ್ಮೆ ಅವನ ಔಷಧ ಬೇಕು. ಅದಕ್ಕೇ ಐದು ದಿನ ತಡ ಮಾಡಿದೆ. ನನ್ನ ಜೀವದ ಆಸೆಗೆ ಅವಳ ಐದು ದಿನ ತಿಂದೆ. ಇದನ್ನು ಶಿವಲೀಲಾಳಿಗೆ ಹೇಳಿಲ್ಲ.

ಇವತ್ತು ಬೆಳಿಗ್ಗೆ ಹೋದೆ. ಮೊದಲ ಸಲ ಹೇಳುವಾಗ ಪ್ರಭುಲಿಂಗ ಹತ್ತಿರ ಬಂದು, “ದೊಡ್ಡವ್ವಾ, ಸಣ್ಣ ದನಿಲೆ ಹೇಳು, ಗಂಡಸರು ಅದಾರ” ಎಂದ.

“ಗಂಡಸರು ಎಲ್ಲಿಂದ ಹೊರಗ ಬಂದಾರ? ಕೇಳ್ಲಿ ಬಿಡು” ಎಂದು ಇನ್ನೂ ಜೋರಾಗಿ ಹೇಳಿದೆ. ಎಂಟು ತಿಂಗಳು ಹೋಯಿತು ಎಂದೆ, ಬಟ್ಟೆ ಎಷ್ಟು ಎಂದೆ, ಅವ್ವನ ಬಟ್ಟೆಯನ್ನೂ ಹೇಳಿದೆ. ಮೂರನೆಯ ಸಲವೂ ಅಷ್ಟನ್ನೂ ಹೇಳಿದೆ. ಪ್ರಭುಲಿಂಗ ನನ್ನ ಹೆಬ್ಬೆಟ್ಟಿನ ಮುದ್ರೆಯ ಮೇಲೆ ಕರಿ ಗೆರೆ ಎಳೆದ. ಕೊನೆಕಚೇರಿಯ ನಾಲ್ಕು ವಯಸ್ಸುಗಳನ್ನು ಅವನ ಮುಂದಿಟ್ಟೆ. ಒಂದೊಂದರ ಮೇಲೂ ಬೆರಳಿಟ್ಟು ಓದಿದ. ಚೀಟಿ ಬರೆದುಕೊಟ್ಟು, “ಇನ್ ಮ್ಯಾಲ ನಿನ್ನ ನಾಡಿ ಹಿಡ್ಯಾಕ ನನಗ ಬರೂದಿಲ್ಲ, ದೊಡ್ಡವ್ವಾ” ಎಂದ. ಕಣ್ಣು ಒದ್ದೆಯಾಗಿತ್ತು.

“ಹಿಡಿದಾಗರ ಏನ್ ಕೇಳಿಸ್ಕೊಂಡಿದ್ದಿ?” ಎಂದು ಬಂದೆ. ಹಾಗೆ ಅನ್ನಬಾರದಿತ್ತೇನೋ. ಅಂದೆ.

ಹತ್ತು ಗಂಟೆಯ ದೋಣಿಗೆ ಶಿವಲೀಲಾ ಹೋದಳು. ಚೀಟಿ ಒಬ್ಬರಿಗೆ ಮಾತ್ರ, ನನ್ನನ್ನು ಹತ್ತಿಸಲಿಲ್ಲ. ಹತ್ತುವ ಮುಂಚೆ ನನ್ನ ಕೈ ಹಿಡಿದು, “ಯವ್ವಾ, ನಾ ಸಣ್ಣ ಕೂಸಿದ್ದಾಗ್ಲೂ ಹೆದರಿದ್ದಿಲ್ಲ. ಈಗ ಹೆದರಿಕಿ ಬರಾಕತ್ತೇತಿ” ಎಂದಳು. ಏನೂ ಆಗೂದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನೇ ಅಲ್ಲವೇ ಏಳು ತಿಂಗಳು ಹೇಳಿದ್ದು? “ನನಗೂ” ಎಂದೆ. ಅಷ್ಟೇ ಹೇಳಿದೆ. ಈಗ ಮೂರು ಗಂಟೆ. ಆಚೆ ದಂಡೆಯ ವೈದ್ಯರು ಏನು ಕಂಡರೋ, ಇದು ಯಾವ ಹಂತದಲ್ಲಿದೆಯೋ, ಆ ಏಳು ತಿಂಗಳು ಮತ್ತು ಐದು ದಿನ ಏನು ತಿಂದು ಹಾಕಿವೆಯೋ, ನನಗೆ ಗೊತ್ತಿಲ್ಲ. ಅದಕ್ಕೇ ನಿನಗೆ ಬರೆಯಲು ಕುಳಿತೆ.

ನಿನ್ನ ಮೇಲೆ ನನಗೆ ಸಿಟ್ಟಿದೆ, ಸುಳ್ಳೇಕೆ ಹೇಳಲಿ. ನಿನ್ನ ಆ ಚೀಟಿಯನ್ನು ಮನಸ್ಸಿನಲ್ಲೇ ನೂರು ಸಲ ಓದಿದೆ. ಡಾಕ್ಟರರು ಏನೆಂದರು ಎಂಬುದು ಅದರಲ್ಲಿದೆ. ನೀನು ಆವತ್ತು ಏನು ಹೇಳಿದೆ ಎಂಬುದು ಎಲ್ಲಿಯೂ ಇಲ್ಲ. ಎಷ್ಟು ದಿನ ಹೋಗಿತ್ತು, ಎಲ್ಲಿ ನೋವಿತ್ತು, ಒಂದು ಅಕ್ಷರವಿಲ್ಲ. ನೀನು ಹೇಳಿಯೇ ಇರುತ್ತೀಯ. ಯಾರೂ ಬರೆದುಕೊಳ್ಳಲಿಲ್ಲ, ನೀನು ಬರೆಯಿರಿ ಅನ್ನಲಿಲ್ಲ. ಸಿಟ್ಟು ಬರುವುದು ನನಗೆ ನನ್ನ ಮೇಲೆಯೇ, ನಿನ್ನ ಮೇಲೆ ಹಾಕಿದರೆ ಸ್ವಲ್ಪ ಹಗುರವಾಗುತ್ತದೆ, ಅಷ್ಟೇ.

ಮೇ ಹದಿನಾಲ್ಕಕ್ಕೆ ನೀನು ಅವರ ಹತ್ತಿರ ಹೋಗುತ್ತೀಯ. ಮನೆಯ ಡಾಕ್ಟರರು, ಮಕ್ಕಳ ಜ್ವರದಿಂದ ಹಿಡಿದು ಗಂಡನ ಸಕ್ಕರೆ ಕಾಯಿಲೆಯ ತನಕ ಎಲ್ಲ ಬಲ್ಲವರು. ಮಗಳಿಗೆ ಗಂಡು ನೋಡಿದಿರಾ ಎಂದು ಕೇಳುತ್ತಾರೆ. ನೀನು ನಗುತ್ತೀಯ. ನಿನ್ನ ಮಾತು ಅರ್ಧದಲ್ಲಿರುವಾಗಲೇ ಪೆನ್ನು ಎತ್ತಿಕೊಳ್ಳುತ್ತಾರೆ, ಹೊರಗೆ ಪಾಳಿ ಹಿಡಿದು ಕುಳಿತ ಜನ ನಿನಗೆ ಕಾಣುತ್ತಾರೆ, ಮುಜುಗರವಾಗುತ್ತದೆ, ಏಳಬೇಕೆನಿಸುತ್ತದೆ. ಏಳಬೇಡ ತಾಯಿ. ದಿನ ಎಷ್ಟು ಎಂದು ಹೇಳು, ಬಟ್ಟೆ ಎಷ್ಟು ಎಂದು ಹೇಳು, ನಿನ್ನ ಅವ್ವನಿಗೂ ಹೀಗೆ ಆಗಿದ್ದರೆ ಅದನ್ನೂ ಹೇಳು. ಗರ್ಭಕೋಶ ಪರೀಕ್ಷೆ ಮಾಡಿಸಿರಿ ಎಂದು ಬಾಯಿ ಬಿಟ್ಟು ಕೇಳು. ಒಲ್ಲೆ ಎಂದರೆ ಒಲ್ಲೆ ಅಂದದ್ದನ್ನೂ ಬರೆಯಿಸಿಕೊಂಡು, ಮುಂದಿನ ಬಸ್ಸು ಹಿಡಿದು ಬೇರೆ ಡಾಕ್ಟರರ ಕಡೆ ಹೋಗು. ಅವರು ಮುಖ ಗಂಟಿಕ್ಕಲಿ, ನಿನ್ನ ಗಂಡ ಊರ ಮುಂದೆ ಮಾನ ಕಳೆದೆ ಎನ್ನಲಿ. ಅವರು ಬರೆದ ಚೀಟಿಯನ್ನು ಕೈಗೆ ತೆಗೆದುಕೊಂಡು, ಅದರಲ್ಲಿ ನೀನು ಹೇಳಿದ ಮಾತು ಇದೆಯೇ ಎಂದು ನೀನೇ ಓದಿ ನೋಡು. ಇದ್ದರೆ, ಆಗ ಏಳು.

ನಿನ್ನ ಮೊಮ್ಮಗಳ ಮೊಮ್ಮಗಳು,
ಶಂಕ್ರೆವ್ವ