ಕೊನೆಯ ಹಾಡಿನೊಳಗಿನ ಸೀಟಿ

ಮಾಮಾ,

ಶಹಾಪುರದ ನಿನ್ನ ಸೌಂಡ್ ಸಿಸ್ಟಂ ಅಂಗಡಿಯಲ್ಲೇ, ನಿನ್ನ ಕುರ್ಚಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಪ್ರಜ್ಞಾ ರಸ್ತೆಯಾಚೆ ಮನೆಗೆ ಊಟಕ್ಕೆ ಹೋಗಿದ್ದಾಳೆ. ಅವಳ, ನಿನ್ನ ಮಗಳ, ಹೊಸ ಆಲ್ಬಂ ಹೊರಬಂದಿದೆ. ಅದರ ವಿಮರ್ಶೆ ನಾನು ಬರೆಯಬೇಕು, ಕೈ ಓಡುತ್ತಿಲ್ಲ. ಹೊಸ ಆಲ್ಬಂ ಯಾವುದೇ ಇರಲಿ, ಮೊದಲು ನಿನ್ನ ಬಾಯಿಂದ ಒಂದು ಮಾತು ಬರಬೇಕು, ಆಮೇಲೆ ನಾನು ಬರೆಯಬೇಕು, ಅದೇ ನಮ್ಮ ರೂಢಿಯಾಗಿತ್ತಲ್ಲ. ಇವತ್ತು ನಿನ್ನಿಂದ ಕೇಳುವುದಕ್ಕಿಂತ ನಿನಗೆ ಹೇಳುವುದೇ ಹೆಚ್ಚಿದೆ. ಹೇಗೆ ತೆಗೆದುಕೊಳ್ಳುತ್ತೀಯೋ ಏನೋ...

ಹೈದರಾಬಾದಿನಿಂದ ನೀನು ಹಳೆಯ ಟೇಪ್ ಸೆಟ್ ಒಂದನ್ನು ಹೊತ್ತು ತಂದ ದಿನ ನೆನಪಿದೆಯಾ? ಅದರ ಹೊಟ್ಟೆಯೊಳಗೆ ಯಾರೋ ಮರೆತ ಕ್ಯಾಸೆಟ್ ಇತ್ತು. ಗಿಟಾರು ಕಿರುಚಿದ್ದಕ್ಕೆ ಅತ್ತೆ ಮೆಷಿನ್ ಸುಟ್ಟಿತೆಂದು ಪ್ಲಗ್ ಕಿತ್ತಿದ್ದಳು. ನೀನು ಮತ್ತೆ ಹಾಕಿದೆ. ಅಂದಿನಿಂದ ನಮ್ಮಿಬ್ಬರಿಗೂ ಹಿಡಿದ ರಾಕ್ ಹುಚ್ಚು ಅದು. ನಾನು ಹುಣಸಗಿಯ ಕಾಲುವೆ ಆಫೀಸಿನಲ್ಲಿ ಗುಮಾಸ್ತೆಯಾದ ಮೇಲೂ ರಜೆಯ ದಿನ ಬಸ್ಸು ಹಿಡಿದು ಇಲ್ಲಿಗೆ ಬರುತ್ತಿದ್ದೆ. ಶಿಲ್ಲಾಂಗಿನ ಹುಡುಗರು, ಪುಣೆಯ ಹುಡುಗಿಯರು, ಯಾವ ಊರಿನ ಯಾವ ಹೊಸ ತಂಡವಾದರೂ ಸರಿ, ಅವರ ಆಲ್ಬಂ ಇಬ್ಬರೂ ಕೂತು ಕೇಳುತ್ತಿದ್ದೆವು. ನೀನು ಅನಿಸಿದ್ದನ್ನು ಅನ್ನುತ್ತಿದ್ದೆ, ನಾನು ಅದನ್ನು ಫೋನಿನಲ್ಲಿ ನನ್ನ ಪುಟಕ್ಕೆ ಹಾಕುತ್ತಿದ್ದೆ. ಶಹಾಪುರದ ಮಾಮಾ ಏನಂದರು ಎಂದು ಎಲ್ಲೆಲ್ಲಿಂದಲೋ ಕೇಳುವವರಿದ್ದರು.

ಮದುವೆಯ ಟ್ರ್ಯಾಕ್ಟರ್ ಹೊರಡುವ ಮುಂಚಿನ ನಿನ್ನ ಆ ಆಟವನ್ನು ಮಾತ್ರ ಯಾರೂ ನಂಬುತ್ತಿರಲಿಲ್ಲ. ಟ್ರಾಲಿಯ ಮೇಲೆ ಸ್ಪೀಕರ್ ಬಾಕ್ಸುಗಳನ್ನು ಕಟ್ಟಿ ಮುಗಿಸಿದ ಕೂಡಲೇ, ಮದುಮಗನ ಕಡೆಯವರು ಗೊಣಗುತ್ತ ನಿಂತಿರುವಾಗಲೇ, ನೀನು ಆ ವಾರದ ಹೊಸ ಆಲ್ಬಮ್ಮಿನ ಒಂದು ಹಾಡು ಹಚ್ಚುತ್ತಿದ್ದೆ. ಬಾಕ್ಸುಗಳ ನಡುವೆಯೇ ನಿಂತು ಕೇಳುತ್ತಿದ್ದೆ. "ಟ್ರ್ಯಾಕ್ಟರ್ ಮ್ಯಾಲ ಉಳೀತಂದ್ರ ಅದು ರಾಕ್. ಇಲ್ಲಂದ್ರ ಜೋಗುಳ," ಎಂದು ನಿನ್ನ ತೀರ್ಪು. ನಾನು ಬೇವಿನ ಮರದ ಕೆಳಗೆ ದೂರ ನಿಲ್ಲುತ್ತಿದ್ದೆ. ಹತ್ತಿರ ಬಾ ಎಂದು ನೀನು ಕರೆದರೂ ಬರುತ್ತಿರಲಿಲ್ಲ. ಪ್ರಜ್ಞಾ ಬರುತ್ತಿದ್ದಳು, ಫ್ರಾಕು ಹಾಕುವ ವಯಸ್ಸಿನಿಂದಲೂ ನಿನ್ನ ಪಕ್ಕದಲ್ಲೇ, ಬಾಕ್ಸಿಗೆ ಬೆನ್ನು ಹಚ್ಚಿ.

ಬರಬರುತ್ತ ನಿನಗೆ ಯಾವ ಆಲ್ಬಮ್ಮೂ ಹಿಡಿಸದಂತಾಯಿತು. ಮಿಕ್ಸರಿನಲ್ಲಿ ಚೂಪು ಸದ್ದಿನ ಟ್ರೆಬಲ್ ಗುಂಡಿಯನ್ನು ಹೆಬ್ಬೆರಳಿನಿಂದ ಏರಿಸುತ್ತ, ಇನ್ನೂ ಏರಿಸುತ್ತ, "ಸಪ್ಪಗ ಅದ. ಈಗಿನ ಹುಡುಗ್ರು ಉಪ್ಪು ಹಾಕೋದ ಮರ್ತಾರ," ಅನ್ನುತ್ತಿದ್ದೆ. ಎದುರಿನ ಚಹಾದಂಗಡಿಯವನು ಹಲ್ಲು ಕಚ್ಚಿಕೊಂಡು ಬಾಗಿಲು ಮುಂದೆ ಮಾಡುತ್ತಿದ್ದ. ಅವನಿಗೆ ಕಿವಿಯೇ ಇಲ್ಲ ಎಂದು ನೀನು ಆಡಿಕೊಳ್ಳುತ್ತಿದ್ದೆ. ಫೋನು ಹೊಡೆದುಕೊಂಡರೆ ಎತ್ತುತ್ತಿರಲಿಲ್ಲ, ಕುಕ್ಕರ್ ಕೂಗಿದ್ದರೂ ಕೂಗಿಲ್ಲ ಎಂದು ಅತ್ತೆಯ ಜೊತೆ ವಾದ ಹಾಕುತ್ತಿದ್ದೆ. ಹಾಡಿನ ಗುಂಗಿನಲ್ಲಿರುವ ಮನುಷ್ಯ, ಹಾಗೇ ಇರುತ್ತಾನೆ ಎಂದು ನಾವೆಲ್ಲ ನಗುತ್ತಿದ್ದೆವು.

ಪ್ರಜ್ಞಾ ನಾರಾಯಣಪುರದ ಡ್ಯಾಮ್ ಕ್ವಾರ್ಟರ್ಸಿನ ಗೆಳತಿಯರನ್ನು ಕಟ್ಟಿಕೊಂಡು 'ಏಳನೆ ಗೇಟು' ಎಂಬ ತಂಡ ಮಾಡಿ ಮೊದಲ ಆಲ್ಬಂ ತಂದಾಗ ನೀನು ಏನಂದೆ? ಸಪ್ಪಗ ಅದ ಎಂದೆ. ಎಲ್ಲವನ್ನೂ ಅವಳೇ ರೆಕಾರ್ಡ್ ಮಾಡಿದ್ದಳು, ಅವಳೇ ಮಿಕ್ಸ್ ಮಾಡಿದ್ದಳು. "ಅಪ್ಪಾ, ಇದಕ್ಕಿಂತ ಏರಿಸಿದ್ರ ಕಿವಿ ಕೊಯ್ತದ," ಎಂದು ಜಗಳ ತೆಗೆದಳು. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಅಪ್ಪ ಮಗಳು ಮಾತು ಬಿಟ್ಟಿರಿ. ಮತ್ತೆ ಮಾತು ಶುರುವಾಗುವಷ್ಟರಲ್ಲಿ ಹತ್ತಿಯ ಸುಗ್ಗಿ ಬಂತು.

ಜಿನ್ನಿಂಗ್ ಮಿಲ್ಲಿನ ಗೇಟಿನ ಹತ್ತಿರ ಆ ಹೊತ್ತಿನಲ್ಲಿ ನಡೆದದ್ದನ್ನು ನಿನಗೆ ಹೇಗೆ ಹೇಳಲಿ? ಮಿಲ್ಲಿನವರ ಮೈಕು ಕೆಟ್ಟಿತ್ತೆಂದು ನೀನು ಹೋಗಿದ್ದೆ. ಹತ್ತಿ ತುಂಬಿದ ಲಾರಿ ರಿವರ್ಸ್ ಬರುತ್ತಿತ್ತು. ಅದರ ಕೀಂ ಕೀಂ ಸದ್ದು ಈ ಚಹಾದಂಗಡಿಯವರೆಗೂ ಕೇಳಿತ್ತಂತೆ. ನೀನು ಬೆನ್ನು ತಿರುಗಿಸಿ ನಿಂತಿದ್ದೆಯಂತೆ, ಆರಾಮಾಗಿ. ಕುಡಿದಿದ್ದ ಎಂದರು ಕೆಲವರು, ಫೋನಿನಲ್ಲಿದ್ದ ಎಂದರು ಇನ್ನು ಕೆಲವರು. ನೀನು ಕುಡಿಯುವವನಲ್ಲ, ಫೋನು ಅಂಗಡಿಯಲ್ಲೇ ಇತ್ತು. ಡ್ರೈವರ್ ನಮ್ಮವ್ವನ ಕಾಲಿಗೆ ಬಿದ್ದು, ಹಾರ್ನ್ ಹೊಡೆದಿದ್ದೆ, ಲಾರಿಯ ಸೀಟಿ ಹೊಡೆಯುತ್ತಲೇ ಇತ್ತು ಎಂದು ಅತ್ತ. ಅವ್ವ ಅವನನ್ನು ಇವತ್ತಿಗೂ ನಂಬಿಲ್ಲ.

ನೀನು ಹೋದ ಮೇಲೆ ಬಂದ ಅವಳ ಎರಡನೆಯ ಆಲ್ಬಮ್ಮಿನಲ್ಲಿ ಟ್ರೆಬಲ್ ಏರಿತ್ತು. ಅಪ್ಪನ ಮಾತು ಕೊನೆಗೂ ನಡೆಸಿದಳು ಎಂದು ಕೇಳಿದವರೆಲ್ಲ ಕಣ್ಣೊರೆಸಿಕೊಂಡರು. ಈಗ ಬಂದಿರುವ ಮೂರನೆಯದರ ಹೆಸರು 'ಎರಿ ಹೊಲ', ನಮ್ಮ ಕರಿ ಮಣ್ಣಿನ ಹೊಲದ್ದೇ ಹೆಸರು. ನಿಜ ಹೇಳುತ್ತೇನೆ, ಹಾಡು ಕಟ್ಟುವುದರಲ್ಲಿ ಅವಳು ಇಷ್ಟು ಎತ್ತರಕ್ಕೆ ಹಿಂದೆಂದೂ ಹೋಗಿರಲಿಲ್ಲ. ಡ್ರಮ್ಮು ಹಸಿ ಮಣ್ಣನ್ನು ತುಳಿದಂತೆ ಭಾರವಾಗಿ ಬೀಳುತ್ತದೆ, ಮಾತುಗಳಲ್ಲಿ ಒಂದೂ ಹೆಚ್ಚಿಲ್ಲ. ಆದರೆ ಮೇಲಿನ ಸದ್ದೆಲ್ಲ ಬ್ಲೇಡಿನಂತೆ ಕೊಯ್ಯುತ್ತದೆ. ಎರಡು ಹಾಡು ಕೇಳುವುದರೊಳಗೆ ತಲೆ ಹಿಡಿಯುತ್ತದೆ. ದೊಡ್ಡ ಊರುಗಳ ವಿಮರ್ಶಕರು ಅದನ್ನೇ ಎತ್ತಿ ಹೊಗಳಿದ್ದಾರೆ, ಕೇಳುಗನಿಗೆ ದಯೆ ತೋರದ ದಿಟ್ಟ ಧ್ವನಿಯಂತೆ. ಕೊನೆಯ ಹಾಡಿನಲ್ಲಿ ಅವಳ ದನಿ ಮತ್ತು ಒಂದು ಗಿಟಾರು, ಅಷ್ಟೇ. ಅದರ ಹಿಂದೆ, ಮೊದಲಿನಿಂದ ಕೊನೆಯವರೆಗೆ, ಸೂಜಿಯಂಥ ಒಂದು ಸೀಟಿ. ಸಾವಿನ ಹಾಜರಿಯನ್ನು ಹೀಗೆ ಕೇಳಿಸಿದವರು ಈಚೆಗೆ ಯಾರೂ ಇಲ್ಲ ಎಂದು ಒಬ್ಬರು ಬರೆದಿದ್ದಾರೆ. ಅವರು ಬರೆದದ್ದು ನಿಜವಾಗಿಬಿಟ್ಟರೆ...

ಹೋದ ವಾರ ಇದೇ ಕುರ್ಚಿಯಲ್ಲಿ ಅವಳು ಕೂತಿದ್ದಾಗ ಕೇಳಿದೆ. "ಪ್ರಜ್ಞಾ, ಕಡೀ ಹಾಡಿನ್ಯಾಗ ಆ ಸೀಟಿ ಯಾಕ ಬಿಟ್ಟಿ?"

"ಯಾವ ಸೀಟಿ, ಅಕ್ಕಾ?"

ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ಹಾಡು ಹಚ್ಚಿ ಬೆರಳು ಎತ್ತಿ ತೋರಿಸಿದೆ, ಇಗೋ, ಇದು. ಅವಳು ಕಣ್ಣು ಮುಚ್ಚಿದಳು, ಸ್ಪೀಕರಿಗೆ ಕಿವಿ ಕೊಟ್ಟಳು. ಆಮೇಲೆ ಹೆಬ್ಬೆರಳಿನಿಂದ ಟ್ರೆಬಲ್ ಗುಂಡಿ ಏರಿಸಿದಳು, ಇನ್ನೂ ಏರಿಸಿದಳು. ನಾನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ಅವಳು ಕಣ್ಣು ತೆರೆದು ನನ್ನ ಕೈಗಳನ್ನೇ ನೋಡುತ್ತ ಕೂತಳು. ಆ ವಿಮರ್ಶಕರು ಸೀಟಿ ಎಂದದ್ದನ್ನು ಅವಳು ಕವಿಮಾತು ಎಂದು ತಿಳಿದಿದ್ದಳಂತೆ. ಕೊನೆಗೆ, ಅದರದೇ ಸದ್ದಿರಬಹುದೆಂದು, ಲ್ಯಾಪ್‌ಟಾಪಿನ ಕೆಟ್ಟ ಚಾರ್ಜರ್ ಕಿತ್ತು, ಮತ್ತೆ ನಾಲ್ಕು ಸಾಲು ಹಾಡಿ ರೆಕಾರ್ಡ್ ಮಾಡಿದಳು. ಸೀಟಿ ಇರಲಿಲ್ಲ. ಹೋಯಿತು ಎಂದು ನಾನೇ ಹೇಳಬೇಕಾಯಿತು. ಅವಳಿಗೆ ಮೊದಲಿನದೂ ಇದೂ ಒಂದೇ.

ಚಾರ್ಜರಿನ ತಂತಿ ಸುತ್ತಿಡುತ್ತ, "ಅಪ್ಪನೂ ಹಿಂಗ ಸಪ್ಪಗ ಅದ, ಸಪ್ಪಗ ಅದ ಅಂತಿದ್ದ," ಎಂದಳು.

ನನ್ನ ಕಣ್ಣ ಮುಂದೆ ಮಿಲ್ಲಿನ ಗೇಟು ಬಂತು, ಕೀಂ ಕೀಂ ಸದ್ದಿಗೆ ಬೆನ್ನು ತಿರುಗಿಸಿ ನಿಂತ ನೀನು ಬಂದೆ. ಅವಳ ಕಣ್ಣ ಮುಂದೆಯೂ ಬಂದಿರಬೇಕು.

ಹಲಗೆ ಬಾರಿಸುತ್ತಿದ್ದ ಅಜ್ಜ, ನಿನ್ನಪ್ಪ, ನೆನಪಾದ. ಕೊನೆಗಾಲಕ್ಕೆ ಅವನ ಕಿವಿಯಲ್ಲಿ ಬಾಯಿಟ್ಟು ಕೂಗಬೇಕಿತ್ತು. ನಮ್ಮ ಮನೆಯ ಗಂಡಸರ ಕಿವಿಯೇ ಮಂದ, ರಕ್ತದಲ್ಲೇ ಬಂದದ್ದು ಎಂದು ಅವ್ವ ಹೇಳುತ್ತಿದ್ದಳು. ರಕ್ತದಲ್ಲಿ ಬಂದದ್ದಲ್ಲ ಮಾಮಾ, ಕೆಲಸದಲ್ಲಿ ಬಂದದ್ದು. ಮೊನ್ನೆ ಕಲಬುರಗಿಯ ಕಿವಿ ಡಾಕ್ಟರು ಪ್ರಜ್ಞಾಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ, ಬಾಕ್ಸುಗಳ ಮುಂದೆ ನಿಲ್ಲಬೇಡಿ ಎಂದರು. ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕೇ ಎಂದು ಕೇಳಿದೆ. ಸಾಲದು ಎಂದರು. ಸುತ್ತ ಹತ್ತಿಯನ್ನೇ ಬೆಳೆಯುವ ಸೀಮೆಯವರು ನಾವು.

ವಾಪಸು ಬಸ್ಸಿನಲ್ಲಿ ಅವಳು ಕಿಟಕಿಗೆ ಒರಗಿ ಕೂತಿದ್ದಳು. ಸುರಪುರದಲ್ಲಿ ನಡೆಯಲಿರುವ ತಂಡದ ಕಾರ್ಯಕ್ರಮ ಬಿಡು ಎಂದೆ. ಒಪ್ಪಿಕೊಂಡಿದ್ದೇನೆ, ಬಿಡಲಾಗದು ಎಂದಳು. ಹಾಗಾದರೆ ವಿಮರ್ಶೆಯಲ್ಲಿ ಸೀಟಿಯ ವಿಷಯ ಬಿಟ್ಟುಬಿಡುತ್ತೇನೆ ಎಂದೆ. ಯಾಕೆಂದರೆ ರಾಯಚೂರಿನ, ಕಲಬುರಗಿಯ ಹುಡುಗರೆಲ್ಲ ತಮ್ಮ ಹಾಡು ಮಿಕ್ಸ್ ಮಾಡಿಸಲು ಇವಳ ಹತ್ತಿರವೇ ಬರುತ್ತಾರೆ. ಇವಳಿಗೆ ಕೇಳುವುದಿಲ್ಲ ಎಂದು ನಾನೇ ಬರೆದರೆ ನಾಳೆ ಈ ಅಂಗಡಿಯ ಬಾಗಿಲು ಯಾರು ತುಳಿಯುತ್ತಾರೆ? ಅವಳು ತಿರುಗಿ ನನ್ನ ಮುಖ ನೋಡಿದಳು.

"ಇದ್ದದ್ದು ಇದ್ದಂಗ ಬರಿ ಅಕ್ಕಾ. ಸೀಟಿ ಅದ ಅಂತ ಬರಿ, ನನಗ ಕೇಳವಲ್ದು ಅಂತನೂ ಬರಿ. ಅಪ್ಪ ಎಂದಾದ್ರೂ ಸುಳ್ಳು ಬರೀ ಅಂದಿದ್ನೇನು?"

ಇಲ್ಲ, ನೀನು ಎಂದೂ ಸುಳ್ಳು ಬರೆಸಲಿಲ್ಲ. ಅದಕ್ಕೇ ನನಗೆ ಇಷ್ಟು ಸಂಕಟ. ನೀನು ಕೇಳಿದ್ದನ್ನೇ ಹೇಳಿದೆ, ಹೇಳಿದ್ದನ್ನು ನಾನು ಬರೆದೆ. ಶಿಲ್ಲಾಂಗಿನ ಹುಡುಗರದು, ಪುಣೆಯವರದು, ನಿನ್ನ ಮಗಳ ಆ ಮೊದಲ ಆಲ್ಬಂ, ಎಲ್ಲವನ್ನೂ ನಿನ್ನೆ ಮತ್ತೆ ಕೂತು ಕೇಳಿದೆ. ನಿನಗೆ ಯಾರೂ ಹೇಳದ ಸುದ್ದಿ ಇದು. ಅವು ಸಪ್ಪಗಿರಲಿಲ್ಲ ಮಾಮಾ. ಎಲ್ಲದರಲ್ಲೂ ಉಪ್ಪಿತ್ತು. ಪ್ರಜ್ಞಾಳದರಲ್ಲಂತೂ ತಾಳದ ಅಂಚಿನಲ್ಲಿ ಗೆಜ್ಜೆಯ ಸದ್ದೊಂದಿದೆ, ಅತ್ತೆಯ ಕಾಲ್ಗೆಜ್ಜೆ ತಂದು ಅಲುಗಾಡಿಸಿದ್ದಳಂತೆ, ನಿನಗೆಂದೇ. ಅದು ನಿನ್ನನ್ನು ಮುಟ್ಟಲೇ ಇಲ್ಲ.

ವಿಮರ್ಶೆ ಬರೆಯುತ್ತೇನೆ, ಇದ್ದದ್ದು ಇದ್ದಂತೆ. ಇನ್ನು ಮೇಲೆ ಅವಳು ಮಿಕ್ಸ್ ಮಾಡುವಾಗ ಪಕ್ಕದಲ್ಲಿ ಕೂರುತ್ತೇನೆ, ಅವಳಿಗೆ ಕೇಳದ್ದನ್ನು ಕೇಳಿ ಹೇಳುತ್ತೇನೆ, ಅದನ್ನೂ ಬರೆಯುತ್ತೇನೆ. ಸುರಪುರಕ್ಕೂ ಹೋಗುತ್ತೇನೆ. ಬಾಕ್ಸುಗಳ ನಡುವಿನಿಂದ ಅವಳನ್ನು ಕೈ ಹಿಡಿದು ಎಳೆಯಬೇಕಾದರೆ ಎಳೆಯುತ್ತೇನೆ. ಆದರೂ ಹೆದರಿಕೆ ಹೋಗುತ್ತಿಲ್ಲ. ವೇದಿಕೆಯ ಮೇಲಿರುವಾಗ ನಾನಿರುತ್ತೇನೆ, ಉಳಿದ ಹೊತ್ತು ಅವಳ ಬೆನ್ನ ಹಿಂದೆ ಯಾರಿರುತ್ತಾರೆ?

ಹತ್ತಿಯ ಸುಗ್ಗಿ ಮತ್ತೆ ಶುರುವಾಗಿದೆ. ಬೆಳಗಿನಿಂದ ಈ ರಸ್ತೆಯಲ್ಲಿ ಲಾರಿ ತಪ್ಪಿಲ್ಲ. ಈಗಲೂ ಒಂದು ಹಿಂದಕ್ಕೆ ಬರುತ್ತಿದೆ, ಕೀಂ ಕೀಂ ಎನ್ನುತ್ತ, ಅಂಗಡಿಯ ಮುಂದೆಯೇ. ಪ್ರಜ್ಞಾ ಊಟ ಮುಗಿಸಿ ಬರುವ ಹೊತ್ತು ಇದು. ಪತ್ರವನ್ನು ಇಲ್ಲಿಗೇ ಬಿಟ್ಟು ಏಳುತ್ತಿದ್ದೇನೆ ಮಾಮಾ.