ಮದುವೆಯಾಗಿದೆಯೇ ಎಂದು ಕೇಳಿದ ಗಡಿ ಅಧಿಕಾರಿಗೆ

ಮಾನ್ಯ ಗಡಿ ಅಧಿಕಾರಿಗಳೇ,

ನಿಮ್ಮ ಮೇಲೆ ನನಗೊಂದು ದೂರಿದೆ. 2004ರ ಫೆಬ್ರವರಿಯಲ್ಲಿ, ಹೊರಗೆ ಹಿಮ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ನಿಮ್ಮ ದೇಶದ ವಿಮಾನ ನಿಲ್ದಾಣದ ವಲಸೆ ಕೌಂಟರಿನಲ್ಲಿ ಕುಳಿತು ನೀವು ನನ್ನನ್ನು, "ವೀಸಾ ಸಿಕ್ಕ ಮೇಲೆ ನಿಮ್ಮ ಸಂಸಾರದಲ್ಲಿ ಏನಾದರೂ ಬದಲಾವಣೆ ಆಗಿದೆಯೇ? ಮದುವೆ ಏನಾದರೂ?" ಎಂದು ಕೇಳಿದಿರಿ. ಆ ಪ್ರಶ್ನೆಯ ಉತ್ತರದ ಮೇಲೆ ಇಬ್ಬರ ಬಾಳು ನಿಂತಿದೆ ಎಂದು ತುಮಕೂರಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ನೀವಾದರೂ ಹೇಳಿದ್ದಿರಾ? ವೀಸಾದ ಜೊತೆ ಕಳಿಸಿದ ಕಾಗದದ ಕಂತೆಯಲ್ಲಿ ಆ ನಿಯಮ ಎಲ್ಲೋ ಒಂದು ಮೂಲೆಯಲ್ಲಿ, ವಕೀಲರ ಇಂಗ್ಲಿಷಿನಲ್ಲಿ, ಭೂತಗನ್ನಡಿ ಹಿಡಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇತ್ತಂತೆ. ಚಳಿಗೆ ಎಂಥ ಬೂಟು ಹಾಕಿಕೊಳ್ಳಬೇಕು ಎಂಬುದನ್ನು ಮಾತ್ರ ಬಣ್ಣದ ಚಿತ್ರ ಸಮೇತ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದಿರಿ. ಬೂಟಿಗಿರುವ ಬೆಲೆ ಗಂಡನಿಗಿಲ್ಲವೇ ಸ್ವಾಮಿ?

ಈ ಪತ್ರ ಕನ್ನಡದಲ್ಲಿದೆ, ನಿಮಗೆ ಓದಲು ಬರುವುದಿಲ್ಲ ಎಂದು ಗೊತ್ತು. ಬಲ್ಲವರು ಯಾರನ್ನಾದರೂ ಹುಡುಕಿ ಓದಿಸಿಕೊಳ್ಳಿ. ನಿಮ್ಮ ಕಾಗದ ಬಂದಾಗ ನಾವೂ ಮಾಡಿದ್ದು ಅದನ್ನೇ.

ನಾನು ಯಾರೆಂದು ಮರೆತಿದ್ದರೆ ನೆನಪಿಸುತ್ತೇನೆ. ತುಮಕೂರಿನ ಶೆಟ್ಟಿಹಳ್ಳಿಯವಳು, ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ನಿಮ್ಮ ದೇಶಕ್ಕೆ ನರ್ಸುಗಳು ಬೇಕು ಎಂದು ಪೇಪರಿನಲ್ಲಿ ಓದಿ 1999ರಲ್ಲಿ ಅರ್ಜಿ ಹಾಕಿದೆ. ಆಗ ನಾನು ಒಂಟಿ. ನೀವು ಯೋಚನೆ ಮಾಡಿ ವೀಸಾ ಕೊಡುವ ಹೊತ್ತಿಗೆ 2003 ಮುಗಿಯುತ್ತಿತ್ತು. ಅಷ್ಟು ವರ್ಷ ಹೆಣ್ಣೊಬ್ಬಳು ಏನೂ ಆಗದೆ, ಫೈಲಿನೊಳಗಿನ ಫೋಟೋದ ಹಾಗೆ ಕೂತಿರುತ್ತಾಳೆ ಎಂದು ನಿಮ್ಮ ಕಚೇರಿ ಅಂದುಕೊಂಡಿತ್ತೇ? ಆ ನಡುವೆ ಕುಣಿಗಲ್ಲಿನಲ್ಲಿ ಸಂಬಂಧಿಕರ ಮನೆಯ ಮದುವೆಗೆ ಹೋಗಿದ್ದೆ. ಮೈಕು ಕೆಟ್ಟಿತು. ಮದುವೆಗೆಂದು ಗುಬ್ಬಿಯಿಂದ ಬಂದಿದ್ದ ಒಬ್ಬ ಅದರ ರಿಪೇರಿಗೆ ಕುಳಿತ. ಗುಬ್ಬಿಯಲ್ಲಿ ರೇಡಿಯೋ, ಟೀವಿ ರಿಪೇರಿ ಅಂಗಡಿ ಇಟ್ಟಿದ್ದ ಅವನ ಹೆಸರು ಶಾಬಾಜ್. ಮೈಕು ಸರಿಯಾಗಿದೆಯೋ ಎಂದು ನೋಡಲು "ಹಲೋ ಹಲೋ" ಎನ್ನುವ ಬದಲು, "ಹಸಿರು ದುಪ್ಪಟ್ಟಾದವ್ರು ಸ್ವಲ್ಪ ಪಕ್ಕಕ್ಕೆ ಬನ್ನಿ, ವೈರ್ ತುಳೀತಿದೀರ" ಎಂದು ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿದ. ಹಸಿರು ದುಪ್ಪಟ್ಟಾ ನನ್ನದು. ವೈರು ನನ್ನಿಂದ ಮಾರು ದೂರದಲ್ಲಿತ್ತು.

ಮುಂದಿನದನ್ನು ನಿಮ್ಮ ಊಹೆಗೆ ಬಿಡುತ್ತೇನೆ. ವೀಸಾ ಬಂದಾಗ ಅಮ್ಮ, "ಹೋಗುವುದಾದರೆ ನಿಕಾಹ್ ಮಾಡಿಕೊಂಡು ಹೋಗು" ಎಂದರು. ವಿಮಾನ ಹತ್ತುವ ಮುಂಚಿನ ವಾರ ನಿಕಾಹ್ ಆಯಿತು.

ಆಗ ನಮ್ಮ ಝುಬೇರ್ ಚಾಚಾ ಕಣಕ್ಕಿಳಿದರು. ಅಪ್ಪನ ತಮ್ಮ ಇವರು. ಹಿಂದೆ ಸ್ವಲ್ಪ ಕಾಲ ಕೊಲ್ಲಿ ದೇಶದಲ್ಲಿದ್ದು ಬಂದವರಾದ್ದರಿಂದ ಭೂಮಿಯ ಮೇಲಿನ ಸಮಸ್ತ ಗಡಿಗಳ ತಜ್ಞರು. ನಮ್ಮ ಮನೆಯಲ್ಲಿ ಆಡುವುದು ಉರ್ದು. ಆದರೆ ನನಗೆ ಅವರು ಕೊಟ್ಟ ತರಬೇತಿ ಕನ್ನಡದಲ್ಲಿ ನಡೆಯಿತು. ಅಧಿಕಾರಿಯ ಪಾತ್ರ ಹಾಕಿದ ಕೂಡಲೇ ಚಾಚಾ ಬಾಯಿಗೆ ತಾಲ್ಲೂಕು ಕಚೇರಿಯ ಕನ್ನಡವೇ ಬರುತ್ತಿತ್ತು. ಹೊಲಿಗೆ ಮಿಷನ್ನಿನ ಹಿಂದೆ ಕುಳಿತು, ಕನ್ನಡಕ ಮೂಗಿನ ತುದಿಗಿಳಿಸಿ ಕೇಳುತ್ತಿದ್ದರು:

"ಏನಮ್ಮಾ, ಮದ್ವೆ ಆಗಿದ್ಯಾ?"

"ಇಲ್ಲ ಸಾರ್."

ಬಾಗಿಲ ಬಳಿ ನಿಂತಿದ್ದ ಶಾಬಾಜ್, "ಆಗಿಲ್ವಾ? ಹಂಗಾದ್ರೆ ಮೊನ್ನೆ ನಾನು ಯಾರ್ ಮದ್ವೇಲಿ ಬಿರಿಯಾನಿ ತಿಂದೆ?" ಎನ್ನುತ್ತಿದ್ದ. ನಾನು ನಕ್ಕು ಕೆಳಗೆ ಬೀಳುತ್ತಿದ್ದೆ.

"ನಗ್ಬೇಡಿ ಇಬ್ರೂ!" ಚಾಚಾ ಮಿಷನ್ ಗುದ್ದುತ್ತಿದ್ದರು. "ಆಗಿದೆ ಅಂದ್ರೆ ಅದೇ ಪ್ಲೇನಲ್ಲಿ ವಾಪಸ್ ಕಳಿಸ್ತಾರೆ. ಇಲ್ಲ ಅನ್ನು, ಒಳಗೆ ಹೋಗು, ಆಮೇಲೆ ಆರಾಮಾಗಿ ಅವ್ನನ್ನ ಕರ್ಸ್ಕೋ."

ಕೈಯ ಮೆಹಂದಿ ಕಾಣದಿರಲಿ ಎಂದು ಉಣ್ಣೆಯ ಗ್ಲೌಸು ಕೊಡಿಸಿದವರೂ ಅವರೇ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ಶಾಬಾಜ್ ಪಕ್ಕಕ್ಕೆ ಕರೆದು ಹೇಳಿದ: "ಎರಡು ನಿಮಿಷದ ವಿಷ್ಯ ಕಣೇ. ನಾನು ಇಲ್ಲ ಅಂದ್ಬಿಡು, ನಂಗೇನ್ ಬೇಜಾರಿಲ್ಲ. ಕೌಂಟರ್ ದಾಟಿದ್ ಮೇಲೆ ಮತ್ತೆ ಇದೀನಿ ಅನ್ಕೋ."

ಮಾನ್ಯರೇ, ಹೀಗೆ ಹೇಳಿ ಕಳಿಸಿದವನನ್ನು ಇಲ್ಲ ಎನ್ನುವುದು ಎಷ್ಟು ಕಷ್ಟ ಎಂಬ ಬಗ್ಗೆ ನಿಮ್ಮ ಕಂತೆಯಲ್ಲಿ ಒಂದು ಸಾಲಾದರೂ ಇತ್ತೇ?

ನಿಮ್ಮ ಕೌಂಟರಿಗೆ ಬಂದೆ. ನೀವು ಪಾಸ್‌ಪೋರ್ಟ್ ನೋಡಿದಿರಿ, ವೀಸಾ ಕಾಗದ ನೋಡಿದಿರಿ. ಏನು ತಂದಿದ್ದೀರಿ, ಎಲ್ಲಿ ಉಳಿಯುತ್ತೀರಿ ಎಂದು ಕೇಳಿದಿರಿ. ಚಟ್ನಿಪುಡಿ ಎಂದೆ, ಬೇಳೆ ಎಂದು ಬಿಡಿಸಿ ಹೇಳಿದೆ, ತಲೆಯಾಡಿಸಿದಿರಿ. ಇಷ್ಟೇನಾ ಗಡಿ ಅಂದರೆ, ನಮ್ಮ ರೇಷನ್ ಕಾರ್ಡಿನ ಕಚೇರಿಯೇ ಇದಕ್ಕಿಂತ ಗಟ್ಟಿ ಅಂದುಕೊಂಡು ಧೈರ್ಯ ತಂದುಕೊಳ್ಳುವಷ್ಟರಲ್ಲಿ ಆ ಪ್ರಶ್ನೆ ಹಾಕಿದಿರಿ.

ಇಲ್ಲ ಎನ್ನಲು ಬಾಯಿ ತೆರೆದೆ. ಬಿರಿಯಾನಿ ನೆನಪಾಯಿತು. ನಗು ಬಂತು. ತಡೆದಷ್ಟೂ ಉಕ್ಕಿತು, ಕಣ್ಣಲ್ಲಿ ನೀರು ಬಂತು, ಹಿಂದಿನ ಸಾಲಿನವರೆಲ್ಲ ಬಗ್ಗಿ ನೋಡತೊಡಗಿದರು. "ಆಗಿದೆ" ಎಂದೆ. "ನನಗೊಬ್ಬ ಗಂಡನಿದ್ದಾನೆ. ತುಂಬಾ ಹೊಸಬ."

"ಎಷ್ಟು ಹೊಸಬ?" ಎಂದಿರಿ.

ಗ್ಲೌಸು ಕಳಚಿ ಎರಡೂ ಕೈಗಳನ್ನು ನಿಮ್ಮ ಮೇಜಿನ ಮೇಲಿಟ್ಟೆ. ಮೆಹಂದಿ ಇನ್ನೂ ಕೆಂಪಾಗಿತ್ತು.

ನೀವು ನಗಲಿಲ್ಲ. ಪೆನ್ನು ಕೆಳಗಿಟ್ಟು ನನ್ನನ್ನು ಪಕ್ಕದ ಕೋಣೆಗೆ ಕಳಿಸಿದಿರಿ. ಅಲ್ಲಿ ನನ್ನ ನಗುವೆಲ್ಲ ಇಳಿದುಹೋಯಿತು. ನಮ್ಮಂಥ ಹೆಸರಿನವರನ್ನು ಗಡಿಗಳಲ್ಲಿ ಹೇಗೆ ನೋಡುತ್ತಾರೆಂದು ಆ ವರ್ಷಗಳಲ್ಲಿ ದಿನವೂ ಕೇಳುತ್ತಿದ್ದೆವು. ವಾಪಸ್ ಹೋಗುವ ವಿಮಾನ ಎಷ್ಟು ಹೊತ್ತಿಗಿದೆಯೋ, ಅಮ್ಮನಿಗೆ ಏನು ಹೇಳಲಿ, ಬಿಟ್ಟು ಬಂದ ಕೆಲಸ ಮತ್ತೆ ಸಿಗುತ್ತದೋ ಎಂದು ಕುಳಿತಲ್ಲೇ ಅತ್ತೆ. ನೀವು ದಪ್ಪ ಪುಸ್ತಕವೊಂದನ್ನು ಹಿಡಿದು ಬಂದು ಎದುರು ಕುಳಿತಿರಿ. ಕಿವುಡರಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಿರಿ: ನಾನು ಇಲ್ಲ ಎಂದು ಒಳಗೆ ಹೋಗಿದ್ದರೆ, ಮುಂದೆ ಆ ಗಂಡನನ್ನು ಕರೆಸಿಕೊಳ್ಳುವ ಹಕ್ಕೇ ನನಗಿರುತ್ತಿರಲಿಲ್ಲ. ಇದೆ ಎಂದದ್ದರಿಂದ ಅವನ ವೈದ್ಯಕೀಯ ತಪಾಸಣೆ, ಕಾಗದ ಪತ್ರ ಮುಗಿಯುವವರೆಗೆ ನನ್ನ ವಲಸೆ ಅರ್ಧಕ್ಕೇ ನಿಂತಿರುತ್ತದೆ. ತಾತ್ಕಾಲಿಕವಾಗಿ ಒಳಗೆ ಬರಬಹುದು, ಕೆಲಸ ಮಾಡುವಂತಿಲ್ಲ.

ಆಮೇಲೆ ನನ್ನ ಅಂಗೈ ನೋಡಿ, ಮದುಮಗಳ ಮೆಹಂದಿಯಲ್ಲಿ ಗಂಡನ ಹೆಸರು ಬಚ್ಚಿಡುತ್ತಾರೆಂದು ಯಾರಿಂದ ಕೇಳಿದ್ದಿರೋ, ಇದರಲ್ಲಿ ಅವನ ಹೆಸರು ಎಲ್ಲಿದೆ ಎಂದು ಕೇಳಿದಿರಿ. ತೋರಿಸಿದೆ. ಆಗ ನಕ್ಕಿರಿ. ಆ ಒಂದು ನಗುವಿಗೋಸ್ಕರ ಈ ಪತ್ರದಲ್ಲಿ ನಿಮ್ಮನ್ನು ಇನ್ನೂ ಮಾನ್ಯರೇ ಎನ್ನುತ್ತಿದ್ದೇನೆ.

ಹೊರಗೆ ಬಂದವಳೇ ಫೋನ್ ಮಾಡಿದೆ.

"ಹೇಳ್ಬಿಟ್ಟೆ ಕಣೋ."

"ಏನಂತ?"

"ನೀನಿದೀಯ ಅಂತ."

"ಗುಬ್ಬೀಲಿ ನಾನಿದೀನಿ ಅಂತ ಯಾರೂ ಲೆಕ್ಕಕ್ಕೇ ಇಟ್ಟಿಲ್ಲ, ಅಲ್ಲಿ ಸರ್ಕಾರಾನೇ ಬರ್ಕೊಂತಲ್ಲೇ!" ಎಂದು ಮನೆಯವರೆಲ್ಲ ಎದ್ದು ಕೂರುವಂತೆ ನಕ್ಕ.

ಆದರೆ ಒಂದು ವರ್ಷಕ್ಕೂ ಮೇಲೆ ನಾವು ಬೇರೆ ಬೇರೆ ಇದ್ದೆವು. ರೋಗಿಗಳಿಗಾಗಿ ನನ್ನನ್ನು ಕರೆಸಿಕೊಂಡು, ರೋಗಿಗಳನ್ನು ಮುಟ್ಟಬೇಡ ಎಂದು ಕೂರಿಸಿದಿರಿ. ಗೆಳತಿಯೊಬ್ಬಳ ಮನೆಯ ಒಂದು ಕೋಣೆಯಲ್ಲಿ ಕುಳಿತು ಕಿಟಕಿಯಾಚೆಯ ಹಿಮ ನೋಡುತ್ತಾ ದಿನ ತಳ್ಳಿದೆ. ಕೊನೆಗೊಂದು ದಿನ ನನ್ನ ಕಾಗದ ಪೂರ್ತಿಯಾಯಿತು, ಹಿಂದೆಯೇ ಶಾಬಾಜ್ ಬಂದ. ವಿಮಾನ ನಿಲ್ದಾಣದ ಗಾಜಿನ ಬಾಗಿಲು ತೆರೆದುಕೊಂಡು ಅವನು ಈಚೆ ಬಂದಾಗ, ಅಷ್ಟು ಜನರ ಮಧ್ಯೆ, ಶೆಟ್ಟಿಹಳ್ಳಿಯಲ್ಲಿ ಯಾರೂ ನಂಬಲಾರದ ಹಾಗೆ ನಾನು ಓಡಿದೆ.

ಎಲ್ಲ ಸುಖವಾಗಿ ಮುಗಿಯಿತಲ್ಲ, ಮತ್ತೇಕೆ ದೂರು ಎನ್ನುವಿರೇನೋ. ನಿಮ್ಮ ಊರಿನ ಒಂದು ಹೋಟೆಲಿನಲ್ಲಿ ಕುಣಿಗಲ್ ಕಡೆಯ ಮಹಾದೇವಯ್ಯ ಎಂಬವರು ಅಡಿಗೆ ಮಾಡುತ್ತಾರೆ. ಅವರಿಗೂ ಏಜೆಂಟನೊಬ್ಬ ನನ್ನ ಚಾಚಾನ ಪಾಠವನ್ನೇ ಹೇಳಿಕೊಟ್ಟಿದ್ದ. ಅವರಿಗೆ ನಗು ಬರಲಿಲ್ಲ. ಇಲ್ಲ ಎಂದರು. ಅವರ ಹೆಂಡತಿ ಇಂದಿಗೂ ಕುಣಿಗಲ್ಲಿನಲ್ಲಿದ್ದಾರೆ. ಹಾಕಿದ ಅರ್ಜಿಯೆಲ್ಲ ವಾಪಸ್. "ಒಂದ್ ಮಾತು ಕಣಕ್ಕ," ಎಂದರು ನನ್ನ ಹತ್ತಿರ, "ಒಂದೇ ಮಾತು. ಅದೂ ಹಂಗನ್ನು ಅಂತ ಆ ಏಜೆಂಟೇ ಹೇಳ್ಕೊಟ್ಟಿದ್ದು." ಸುಳ್ಳಿಗೆ ಶಿಕ್ಷೆ ಇರಲಿ, ಬೇಡವೆನ್ನುವುದಿಲ್ಲ. ಆದರೆ ಇಷ್ಟು ದೊಡ್ಡ ಶಿಕ್ಷೆಯ ಸುದ್ದಿ ಸುಳ್ಳು ಹೇಳುವ ಮೊದಲು ಗೊತ್ತಾಗಬೇಕೋ, ಹೇಳಿದ ಮೇಲೋ? ಗಂಡನೋ ಹೆಂಡತಿಯೋ ಉಳಿಯುವುದು ನಮ್ಮ ನಗುವಿನ ಮೇಲೆ ನಿಲ್ಲಬೇಕೇ?

ಈಗ ರಜೆಗೆ ಊರಿಗೆ ಬಂದಿದ್ದೇವೆ. ಚಾಚಾ ಹೊಲಿಗೆ ಮಿಷನ್ನಿನ ಹಿಂದೆ ಇನ್ನೂ ಕುಳಿತಿದ್ದಾರೆ, ಮುಂದೆ ಬೆಂಚಿನಲ್ಲಿ ವಿದೇಶಕ್ಕೆ ಹೊರಟ ಹೊಸ ಶಿಷ್ಯರು. "ನಿಜಾನೇ ಹೇಳು ಅಂತ ಮೆಹನಾಜ್‌ಗೂ ನಾನೇ ಹೇಳಿದ್ದು" ಎಂದು ನನ್ನೆದುರಿಗೇ ಹೇಳುತ್ತಾರೆ. ಹೇಳಿಕೊಳ್ಳಲಿ, ಪಾಠವಂತೂ ಸರಿಹೋಗಿದೆ. ಆದರೆ ಎಲ್ಲ ಊರಿನಲ್ಲೂ ತಪ್ಪು ತಿದ್ದಿಕೊಂಡ ಚಾಚಾಗಳು ಸಿಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪ್ರತಿ ವೀಸಾದ ಜೊತೆ, ಪಡೆಯುವವರ ಭಾಷೆಯಲ್ಲಿ, ಬೂಟಿನ ಚಿತ್ರಕ್ಕಿಂತ ಮೇಲೆ, ಒಂದು ಹಾಳೆ ಇಡಿ. "ವೀಸಾ ಬಂದ ಮೇಲೆ ಮದುವೆಯಾದರೆ, ಮಗುವಾದರೆ, ಹೊರಡುವ ಮುಂಚೆಯೇ ನಮಗೆ ತಿಳಿಸಿ. ಮನೆಯಲ್ಲಿ ಇರುವವರನ್ನು ಕೌಂಟರಿನಲ್ಲಿ ಇಲ್ಲ ಎನ್ನಬೇಡಿ" ಎಂದು ಅದರಲ್ಲಿ ಬರೆಯಿರಿ. ಬರೆಯುವವರು ಸಿಗದಿದ್ದರೆ ಹೇಳಿ ಕಳಿಸಿ, ಕನ್ನಡದ್ದನ್ನು ನಾನೇ ಬರೆದುಕೊಡುತ್ತೇನೆ. ಹಾಗೆಯೇ ಮಹಾದೇವಯ್ಯನವರ ಹೆಂಡತಿಯ ಅರ್ಜಿಯನ್ನು ಇನ್ನೊಂದು ಸಲ, ಆ ದಪ್ಪ ಪುಸ್ತಕ ಮುಚ್ಚಿಟ್ಟು, ಓದಿ.

ಇಂತಿ,
ಕರೆಸಿಕೊಂಡ ಗಂಡನ ಗೊರಕೆಯಿಂದ ನಿದ್ದೆಗೆಟ್ಟು, ಆ ದೂರನ್ನು ಯಾವ ಕೌಂಟರಿನಲ್ಲಿ ಕೊಡಬೇಕೆಂದು ತಿಳಿಯದ
ಮೆಹನಾಜ್
ಶೆಟ್ಟಿಹಳ್ಳಿ, ತುಮಕೂರು, 2007