ಇಲಿಗಳು ಬಿಟ್ಟ ಮುದ್ದೆ

೨೧ ಫೆಬ್ರವರಿ ೧೯೪೬, ಗುರುವಾರ. ಹಲಸೂರು.

ಲ್ಯಾಬಿನಲ್ಲಿ ಬರೀ ಮುದ್ದೆ ತಿನ್ನುವ ಇಲಿಗಳ ಮೂತ್ರದಲ್ಲೂ ಇವತ್ತು ರಕ್ತ. ದ್ರಾಕ್ಷಿ ಬಳ್ಳಿಯ ಬೂಷ್ಟಿಗೆ ಹೊಡೆಯುವ ಹೊಸ ಪುಡಿಯನ್ನು ನಾವು ಬೆರೆಸಿಕೊಡುವುದು ಪಕ್ಕದ ಪಂಜರಕ್ಕೆ ಮಾತ್ರ. ಕೊಯ್ದು ನೋಡಿದರೆ ಎರಡೂ ಪಂಜರದವಕ್ಕೆ ಮೂತ್ರಕೋಶ ಊದಿ ಕೆಂಪಾಗಿತ್ತು. "ಹಾಗಾದ್ರೆ ಪುಡಿಯದ್ದೇನೂ ತಪ್ಪಿಲ್ಲ, ಯಾವುದೋ ಜಾಡ್ಯ. ರಿಪೋರ್ಟ್ ಬರೀರಿ" ಎಂದರು ಡಾಕ್ಟರು.

ಸಂಜೆ ಪಂಜರ ತೊಳೆಯುವ ಗೋವಿಂದಮ್ಮನನ್ನು ಕೇಳಿದೆ. "ಪುಡಿ ಹಾಕೋ ಆ ಕಡೆಯವು ಅರ್ಧ ಮುದ್ದೆ ಬಿಟ್ಬಿಡ್ತವೆ ಸಾ. ರೇಷನ್ ರಾಗಿ, ಎಸೆಯಕ್ಕೆ ಮನಸು ಬರಲ್ಲ. ಈ ಕಡೆಯವಕ್ಕೆ ಹಾಕ್ತೀನಿ" ಎಂದಳು. ನಮ್ಮ ಮನೆಯಲ್ಲೂ ಅನ್ನ ಎಸೆಯುವುದಿಲ್ಲ.

ಹಾಗಾದರೆ ಪುಡಿಯೇ ಕಾರಣವೇ? ಎಂಜಲಿನಷ್ಟಕ್ಕೇ ಇಷ್ಟಾಯಿತೇ? ಅಥವಾ ನಿಜವಾಗಿಯೂ ಜಾಡ್ಯವೇ? ಪುಡಿ ಮುಟ್ಟದ ಇಲಿ ಒಂದೂ ಉಳಿದಿಲ್ಲ, ಯಾವುದಕ್ಕೆ ಹೋಲಿಸಿ ನೋಡಲಿ? ಹೇಳಿದರೆ ಗೋವಿಂದಮ್ಮನ ಕೆಲಸ ಹೋಗುತ್ತದೆ. ಹೇಳದಿದ್ದರೆ ಪುಡಿಯಿಂದ ಅಪಾಯವಿಲ್ಲವೆಂದು ನನ್ನ ಕೈಯಾರೆ ಬರೆಯಬೇಕು. ಇಲಿಗೆ ಆದದ್ದು ಮನುಷ್ಯರಿಗೂ ಆಗಲೇಬೇಕೆಂದಿಲ್ಲ, ಅದೂ ಗೊತ್ತು. ತಲೆ ಓಡುತ್ತಿಲ್ಲ.

ಮನೆಗೆ ಬಂದರೆ ಭಾವ ಅಂಜನಮೂರ್ತಿ ಕೆ.ಆರ್. ಪುರದ ತೋಟದಿಂದ ಬುಟ್ಟಿ ತುಂಬ ದ್ರಾಕ್ಷಿ ತಂದಿದ್ದರು. ಯಾವ ಪುಡಿ ಹೊಡೆದಿರಿ ಎಂದೆ. "ನಿಮ್ಮ ಲ್ಯಾಬಿನವರೇ ಹೊಡೆದು ನೋಡಿ ಅಂತ ಕೊಟ್ಟು ಹೋದ್ರಲ್ಲಪ್ಪ" ಎಂದರು.

ಬುಟ್ಟಿಯನ್ನು ಅಟ್ಟಕ್ಕೇರಿಸಿ, "ಇನ್ನೂ ಹುಳಿ, ತಿನ್ಬೇಡ" ಎಂದು ಮಗಳಿಗೆ ಹೇಳಿದೆ.

"ಇಲ್ಲ ಅಪ್ಪ, ಸಿಹಿಯಾಗೇ ಇತ್ತು" ಎಂದಳು.